ಹಾಡಿದವಳ ಮುಖ

ನಾನು ಹೇಳಬೇಕಿದ್ದದ್ದು ಮೂರೇ ಮಾತು: ಇವಳು ನನ್ನ ತಂಗಿ. ಹೇಳಲಿಲ್ಲ. ವಿಜಯವಾಡದ ಗವರ್ನರ್‌ಪೇಟೆಯಲ್ಲಿ, ಮಹಡಿ ಮೇಲಿನ ಒಂದು ಕೋಣೆಯಲ್ಲಿ, ಎರಡು ವಿಡಿಯೋ ಡೆಕ್ಕುಗಳ ಮುಂದೆ ಕೂತಿದ್ದೆ. ತಂಗಿ ನನ್ನ ಪಕ್ಕದ ಸ್ಟೂಲಿನ ಮೇಲಿದ್ದಳು. ಹೇಳಲು ಸಮಯವಿತ್ತು, ಬಾಯಿಯೂ ಇತ್ತು. ನಾನು ನಕ್ಕುಬಿಟ್ಟೆ, ನಕ್ಕು ಒಂದು ಮಾತನ್ನೂ ಸೇರಿಸಿದೆ. ಆ ಮಾತನ್ನು ಮುಂದೆ ಬರೆಯುತ್ತೇನೆ. ಈಗಲೇ ಬರೆಯೋಣವೆಂದು ಎರಡು ಸಲ ಶುರುಮಾಡಿ ಎದ್ದುಹೋಗಿ ನೀರು ಕುಡಿದು ಬಂದೆ.

ಕೂತಲ್ಲಿ ಕೂರದವನು ನಾನು, ಚಿಕ್ಕಂದಿನಿಂದಲೂ ಹಾಗೇ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದಕ್ಕೆ ಲೆಕ್ಕದ ಮೇಷ್ಟರು ಅರ್ಧ ಕಾರಣ, ಇನ್ನರ್ಧ ನನ್ನ ಕಾಲು. ಅಪ್ಪ ಬಳ್ಳಾರಿ ಕಡೆಯವರು, ಫಿಟ್ಟರ್. ವಿಶಾಖಪಟ್ಟಣದಲ್ಲಿ ಸರ್ಕಾರದ ದೊಡ್ಡ ಕಾರ್ಖಾನೆ ಕಟ್ಟುತ್ತಿದ್ದಾಗ ಕೆಲಸ ಸಿಕ್ಕಿ ನಮ್ಮನ್ನೆಲ್ಲ ಕರೆದುಕೊಂಡು ಬಂದರು. ಟೌನ್‌ಶಿಪ್ಪಿನಲ್ಲಿ ಎರಡು ಕೋಣೆಯ ಕ್ವಾರ್ಟರ್ಸು. ಹೊರಗೆ ತೆಲುಗು, ಮನೆಯೊಳಗೆ ಕನ್ನಡ. ತಂಗಿಗೆ ಆಗ ಇನ್ನೂ ಮಾತು ತೊದಲುತ್ತಿತ್ತು. ಅವಳು ಲೆಕ್ಕ ಹಾಕುವುದು ತೆಲುಗಿನಲ್ಲಿ, ಗೆಳತಿಯರ ಜೊತೆ ಜಗಳ ತೆಲುಗಿನಲ್ಲಿ, ನಿದ್ದೆಯಲ್ಲಿ ಕನವರಿಸುವುದೂ ತೆಲುಗಿನಲ್ಲೇ ಆಯಿತು. ಕನ್ನಡ ಅಂದರೆ ಅವಳಿಗೆ ಮೂರು ಜನ: ಅಮ್ಮ, ಅಪ್ಪ, ನಾನು. ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಪಾಪ ಎಂದು. ದೊಡ್ಡವಳಾದ ಮೇಲೂ ಅದೇ ಉಳಿಯಿತು.

ಪಾಪ ಹಾಡುತ್ತಿದ್ದಳು. ಯಾರೂ ಕಲಿಸಿದ್ದಲ್ಲ. ಟೌನ್‌ಶಿಪ್ಪಿನ ಕ್ಲಬ್ಬಿನಲ್ಲಿ ವರ್ಷಕ್ಕೆರಡು ಸಲ ಕಾರ್ಯಕ್ರಮ ಆಗುತ್ತಿತ್ತು. ಆಫೀಸರುಗಳ ಹೆಣ್ಣುಮಕ್ಕಳು ಜರಿಲಂಗ ಹಾಕಿಕೊಂಡು ಕುಣಿಯುತ್ತಿದ್ದರು. ಟೇಪು ಹಾಕಿದರೆ ನಡುವೆ ಕರೆಂಟು ಹೋಗಿ ಹಾಡು ನಿಂತುಬಿಡುತ್ತದೆ ಎಂದು ಹಾಡಲು ನಮ್ಮ ಪಾಪನನ್ನು ಕರೆಯುತ್ತಿದ್ದರು. ಪರದೆಯ ಹಿಂದೆ, ಸ್ಪೀಕರು ಡಬ್ಬದ ಪಕ್ಕ, ಒಂದು ಮಡಚುವ ಕುರ್ಚಿ ಅವಳದು. ಅಮ್ಮ ಮೊದಲ ಸಲ ಅವಳಿಗೆ ಹೊಸ ಲಂಗ ಹೊಲಿಸಿದ್ದಳು. ಅದನ್ನು ಯಾರೂ ನೋಡಲಿಲ್ಲ. ಎರಡನೇ ಸಲದಿಂದ ಮನೆಯ ಬಟ್ಟೆಯಲ್ಲೇ ಹೋಗಿ ಬಂದಳು.

ಅದೇ ಕ್ಲಬ್ಬಿಗೆ ಒಂದು ಟೀವಿ ಬಂತು. ವಾರಕ್ಕೊಂದು ದಿನ ಅರ್ಧ ಗಂಟೆ ಸಿನಿಮಾ ಹಾಡುಗಳು. ಅದಕ್ಕೆ ಜನ ಎಷ್ಟು ಸೇರುತ್ತಿದ್ದರೆಂದರೆ ಕಿಟಕಿಯ ಸರಳು ಹಿಡಿದು ಹೊರಗಿನಿಂದ ನೋಡುವವರೇ ಒಳಗಿನವರಿಗಿಂತ ಜಾಸ್ತಿ. ನಾನು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುತ್ತಿದ್ದೆ. ನಾಯಕಿ ಮರ ಸುತ್ತುತ್ತ ತುಟಿ ಆಡಿಸುವಳು. ಪಾಪ ಮೇಲಿನಿಂದ ಬಗ್ಗಿ ನನ್ನ ಕಿವಿಯಲ್ಲಿ ಕೇಳುತ್ತಿದ್ದಳು, ಹಾಡೋರು ಎಲ್ಲಿದ್ದಾರೆ ಅಂತ. ಹಿಂದೆ ಇರ್ತಾರೆ ಎನ್ನುತ್ತಿದ್ದೆ.

"ನನ್ನಂಗಾ?"

"ಹ್ಞೂಂ, ನಿನ್ನಂಗೇ."

ಅದು ಅವಳಿಗೆ ಖುಷಿಯ ಮಾತೋ ಬೇಸರದ ಮಾತೋ ಆಗ ನನಗೆ ಗೊತ್ತಾಗಲಿಲ್ಲ. ಹೆಗಲ ಮೇಲಿದ್ದವಳ ಮುಖ ನನಗೆ ಕಾಣುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಗೆ ನಾನು ವಿಜಯವಾಡಕ್ಕೆ ಹೋದೆ. ಅಪ್ಪನ ಪರಿಚಯದವರೊಬ್ಬರು ಗವರ್ನರ್‌ಪೇಟೆಯಲ್ಲಿ ವಿಡಿಯೋ ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದರು. ಬಾಡಿಗೆಗೆ ಸಿನಿಮಾ ಕೊಡುವುದು ಅವರ ಕಸುಬು. ಆದರೆ ಜನ ಸಿನಿಮಾ ಕೇಳುವುದಕ್ಕಿಂತ ಹೆಚ್ಚಾಗಿ ಹಾಡಿನ ಕ್ಯಾಸೆಟ್ಟು ಕೇಳತೊಡಗಿದರು. ಲಾಡ್ಜಿನವರಿಗೆ ಬೇಕು, ವಿಡಿಯೋ ಬಸ್ಸಿನವರಿಗೆ ಬೇಕು, ಮದುವೆ ಛತ್ರದವರಿಗೆ ಬೇಕು. ಕಥೆ ಬೇಡ, ಫೈಟಿಂಗ್ ಬೇಡ, ಹಾಡು ಮಾತ್ರ. ಮೂರು ಗಂಟೆಯ ಕ್ಯಾಸೆಟ್ಟಿನ ತುಂಬ ಬರೀ ಹಾಡು. ಒಂದು ಡೆಕ್ಕಿನಲ್ಲಿ ಸಿನಿಮಾ ಓಡಿಸಿ ಇನ್ನೊಂದರಲ್ಲಿ ರೆಕಾರ್ಡು ಮಾಡುವುದು. ರೆಕಾರ್ಡು ಗುಂಡಿ ಒತ್ತಿದ ಮೇಲೂ ಯಂತ್ರ ಕೊಂಚ ಎಳೆದಾಡಿ ಆಮೇಲೆ ಹಿಡಿಯುತ್ತದೆ. ಹಾಡು ಶುರುವಾದ ಮೇಲೆ ಒತ್ತಿದರೆ ಮೊದಲ ಸಾಲು ಹೋಗುತ್ತದೆ. ಹಾಡು ಬರುವ ಮೊದಲೇ, ನಾಯಕ ನಾಯಕಿಯ ಕಡೆ ತಿರುಗುವಾಗಲೇ, ಬೆರಳು ಕೆಳಗಿಳಿಯಬೇಕು. ನನ್ನ ಚಡಪಡಿಸುವ ಕೈಗೆ ಮೊದಲ ಸಲ ಒಂದು ಉಪಯೋಗ ಸಿಕ್ಕಿತು. ನಾನು ಪೂರ್ತಿ ನೋಡಿದ ಸಿನಿಮಾ ಒಂದೂ ಇಲ್ಲ, ಆದರೆ ಯಾವ ಸಿನಿಮಾದಲ್ಲಿ ಹಾಡು ಎಲ್ಲಿ ಬರುತ್ತದೆಂದು ನಿದ್ದೆಯಲ್ಲೂ ಹೇಳುತ್ತಿದ್ದೆ.

ಅಂಗಡಿಯ ಯಜಮಾನರು ಕೆಟ್ಟ ಮನುಷ್ಯರಲ್ಲ. ಇದನ್ನು ಮೊದಲೇ ಬರೆಯಬೇಕು. ಅವರ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ. ಮಧ್ಯಾಹ್ನ ಊಟ ಆಯಿತಾ ಎಂದು ಎಲ್ಲರನ್ನೂ ಕೇಳುವವರು. ಅವರದು ಒಂದೇ ಕಟ್ಟುನಿಟ್ಟು: ಕೆಲಸದವರು ನೆಂಟರನ್ನು ಕೆಲಸಕ್ಕೆ ತರಬಾರದು. ಹಿಂದೆ ಸ್ವಂತ ಬಾಮೈದನನ್ನು ಇಟ್ಟುಕೊಂಡು ಮನೆಯಲ್ಲೂ ಅಂಗಡಿಯಲ್ಲೂ ನೆಮ್ಮದಿ ಕಳೆದುಕೊಂಡಿದ್ದರು.

ತೊಂಬತ್ತರ ಮೊದಲ ವರ್ಷಗಳಲ್ಲಿ ಮಹಡಿಗಳ ಮೇಲೆ ಡಿಷ್ ಆಂಟೆನಾಗಳು ಎದ್ದವು. ಬೀದಿಬೀದಿಗೆ ಕೇಬಲ್ ವೈರು ಹರಿಯಿತು. ಹಗಲೆಲ್ಲ ಹಾಡು ತೋರಿಸುವ ಚಾನಲ್ಲುಗಳು ಬಂದವು. ನಮ್ಮ ಯಜಮಾನರು ಟೀವಿಯ ಮುಂದೆ ಕೂತು ಚಿಟಿಕೆ ಹಾಕಿ ಎಣಿಸುತ್ತಿದ್ದರು, ಒಂದು ಚಿತ್ರ ಎಷ್ಟು ಹೊತ್ತು ನಿಲ್ಲುತ್ತದೆಂದು. ಎರಡು ಚಿಟಿಕೆಗೆ ಬದಲು, ಮೂರಕ್ಕೆ ಬದಲು. ನೀನೂ ಹೀಗೆ ಕತ್ತರಿಸಬೇಕು ಎನ್ನುತ್ತಿದ್ದರು ನನಗೆ. ಹಿಂದೆಲ್ಲ ಹಾಡು ಕಥೆಯ ಹೊಟ್ಟೆಯೊಳಗೆ ಇರುತ್ತಿತ್ತು, ನಾನು ಅದನ್ನು ಹರಿದು ತೆಗೆಯುತ್ತಿದ್ದೆ. ಈಗ ಕಥೆಯೇ ಇಲ್ಲದೆ ಹುಟ್ಟಿದ ಹಾಡುಗಳು ಬಂದಿದ್ದವು. ಪಾಪ ವಿಶಾಖಪಟ್ಟಣದಲ್ಲಿ ಅವನ್ನೇ ನೋಡುತ್ತಿದ್ದಳು. ಅವಳು ನನಗೆ ಬರೆಯುತ್ತಿದ್ದ ಕಾಗದ ಕನ್ನಡದ್ದೇ, ಆದರೆ ತೆಲುಗು ಅಕ್ಷರದಲ್ಲಿ. ಕನ್ನಡ ಅಕ್ಷರ ಅವಳಿಗೆ ಬರುತ್ತಿರಲಿಲ್ಲ, ನನಗೂ ಅಮ್ಮ ಕಲಿಸಿದಷ್ಟೇ. ಒಂದು ಕಾಗದದಲ್ಲಿ ಹೀಗೆ ಬರೆದಿದ್ದಳು: "ಅಣ್ಣ, ಇವರು ತಾವೇ ಹಾಡ್ತಾರೆ, ತಾವೇ ಕಾಣಿಸ್ತಾರೆ. ಹಿಂದೆ ಯಾರೂ ಇಲ್ಲ. ನೋಡಿದೆಯಾ?"

ನಾನು ಹಗಲೂ ರಾತ್ರಿ ಅದನ್ನೇ ನೋಡುತ್ತಿದ್ದವನು. ಅವಳು ಹೇಳುವವರೆಗೆ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಒಂದೆರಡು ವರ್ಷಕ್ಕೆ ಯಜಮಾನರೇ ದೇವರ ಹಾಡುಗಳ ವಿಡಿಯೋ ಮಾಡಲು ಇಳಿದರು. ತೆಲುಗಿನದು ಚೆನ್ನಾಗಿ ಹೋಯಿತು. ಬಳ್ಳಾರಿ, ಸಿರುಗುಪ್ಪ, ರಾಯಚೂರು ಕಡೆಯಿಂದ ಸಗಟು ಕ್ಯಾಸೆಟ್ಟು ಒಯ್ಯಲು ಬರುತ್ತಿದ್ದ ಅಂಗಡಿಯವರು, ಇದೇ ಧಾಟಿಯಲ್ಲಿ ಕನ್ನಡದಲ್ಲೂ ಅಮ್ಮನವರ ಹಾಡು ಮಾಡಿಕೊಡಿ ಎಂದು ಕೇಳಿದರು. ಸಾಹಿತ್ಯ ಬರೆಯಲು ಧಾರವಾಡದ ಕಡೆಯ ಬ್ಯಾಂಕ್ ಗುಮಾಸ್ತರೊಬ್ಬರು ಸಿಕ್ಕರು, ವರ್ಗವಾಗಿ ಬಂದಿದ್ದವರು. ಹಾಡಲು ಯಾರು? ಅಚ್ಚ ಕನ್ನಡದ ಹುಡುಗಿ ಬೇಕು, ಹಾಡಿದವಳೇ ಕಾಣಿಸಬೇಕು, ಈಗ ಅದೇ ಫ್ಯಾಷನ್ ಎಂದರು ಯಜಮಾನರು. ನನ್ನ ಬಾಯಿ ನನಗಿಂತ ಮುಂದೆ ಓಡಿತು. ಬಳ್ಳಾರಿಯಲ್ಲಿ ಒಬ್ಬಳಿದ್ದಾಳೆ, ಚೆನ್ನಾಗಿ ಹಾಡುತ್ತಾಳೆ, ತೆಲುಗು ಮಾತ್ರ ಒಂದಕ್ಷರ ಬರುವುದಿಲ್ಲ ಎಂದುಬಿಟ್ಟೆ. ಯಜಮಾನರು ಪಾಪನನ್ನು ಎಂದೂ ನೋಡಿರಲಿಲ್ಲ, ನನಗೆ ಕನ್ನಡ ಬರುತ್ತದೆಂದು ತಿಳಿದಿದ್ದರೂ ನನ್ನನ್ನು ಇಲ್ಲಿಯವನೆಂದೇ ಎಣಿಸಿದ್ದರು. ತಂಗಿ ಎಂದರೆ ಕಟ್ಟುನಿಟ್ಟು ಅಡ್ಡ ಬರುತ್ತದೆ. ತೆಲುಗು ಬರುತ್ತದೆ ಎಂದರೆ ಎರಡು ಮಾತಾಡುವಷ್ಟರಲ್ಲಿ ವಿಶಾಖಪಟ್ಟಣದ ಹುಡುಗಿ ಎಂದು ಗೊತ್ತಾಗಿಬಿಡುತ್ತದೆ. ಕ್ಯಾಸೆಟ್ಟು ಹೊರಬಂದ ಮೇಲೆ ನಿಜ ಹೇಳಿದರಾಯಿತು, ಅವರೂ ನಗುತ್ತಾರೆ ಎಂದು ಲೆಕ್ಕ ಹಾಕಿದ್ದೆ.

ಪಾಪ ಹಗಲಿನ ರೈಲಿಗೆ ಬಂದಳು. ಸ್ಟೇಷನ್ನಿನಲ್ಲೇ ಅವಳಿಗೆ ವಿಷಯ ಹೇಳಿದೆ. ಬಿದ್ದು ಬಿದ್ದು ನಕ್ಕಳು.

"ಅಂದ್ರೆ ನಾ ಮೂಗಿ ಆಗ್ಬೇಕಾ?"

"ಕನ್ನಡದಾಗ ಮಾತಾಡು, ಯಾರು ಬ್ಯಾಡ ಅಂದ್ರು?"

"ನಿನ್ನ ಏನಂತ ಕರೀಲಿ? ಸಾರ್ ಅನ್ಲಾ?"

"ಅಣ್ಣ ಅನ್ನು. ಊರಾಗಿನವರೆಲ್ಲ ಎಲ್ಲರನ್ನೂ ಅಣ್ಣ ಅಂತಾರ."

ಆಟೋದವನು ಎಲ್ಲಿಗೆ ಎಂದು ಕೇಳಿದಾಗ ಕಣ್ಣು ಪಿಳಿಪಿಳಿ ಬಿಟ್ಟು ನನ್ನ ಕಡೆ ತಿರುಗಿ, ಇವರು ಏನು ಕೇಳ್ತಿದ್ದಾರೆ ಅಣ್ಣ ಎಂದಳು. ಅಷ್ಟು ಬೇಗ ಆ ಆಟ ಅವಳಿಗೆ ಹತ್ತಿಬಿಟ್ಟಿತು. ಸ್ಟುಡಿಯೋದಲ್ಲಿ ಎರಡು ದಿನ ಹಾಡಿದಳು. ಯಜಮಾನರು ಗಾಜಿನ ಈಚೆ ಕಣ್ಣು ಮುಚ್ಚಿ ಕೂತಿದ್ದರು. ಅವಳು ಹೊರಬಂದಾಗ ತಲೆಯ ಮೇಲೆ ಕೈಯಿಟ್ಟು ತೆಲುಗಿನಲ್ಲಿ ಹರಸಿದರು. ಅವಳು ಅರ್ಥವಾಗದವಳ ಹಾಗೆ ನನ್ನ ಮುಖ ನೋಡಿದಳು. ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಆಮೇಲೆ ಬಗ್ಗಿ ಅವರಿಗೆ ನಮಸ್ಕಾರ ಮಾಡಿದಳು. ಅವರಿಗೆ ಕಣ್ಣಲ್ಲಿ ನೀರೇ ಬಂತು.

ಮುಂದಿನ ತಿಂಗಳು ವಿಶಾಖಪಟ್ಟಣದಲ್ಲಿ ಶೂಟಿಂಗು, ಸಮುದ್ರ ಬೇಕೆಂದು. ಯಜಮಾನರು ಬರಲಿಲ್ಲ. ನಾನು, ವಿಜಯವಾಡದ ಕ್ಯಾಮೆರಾದವನು, ಅವಳು. ಹುಡುಗಿ ಇಲ್ಲಿ ನೆಂಟರ ಮನೆಯಲ್ಲಿ ಇಳಿದಿದ್ದಾಳೆ ಎಂದು ಅವನಿಗೆ ಹೇಳಿದ್ದೆ. ಅಮ್ಮ ತನ್ನ ಮದುವೆಯ ಹಸಿರು ಸೀರೆ ಉಡಿಸಿ ಕಳಿಸಿದ್ದಳು. ಟೇಪ್ ರೆಕಾರ್ಡರಿನಲ್ಲಿ ಅವಳದೇ ಹಾಡು ಹಾಕಿ, ಅದಕ್ಕೆ ತುಟಿ ಆಡಿಸು ಸಾಕು ಎಂದು ಅವನು ತೆಲುಗಿನಲ್ಲಿ ಹೇಳುವುದು, ನಾನು ಕನ್ನಡಕ್ಕೆ ತಿರುಗಿಸುವುದು, ಆಗಲೇ ಅರ್ಥವಾಗಿದ್ದ ಮಾತನ್ನು ಅವಳು ಎರಡನೇ ಸಲ ಗಂಭೀರವಾಗಿ ಕೇಳುವುದು. ನಗು ತಡೆಯಲು ಸೀರೆಯ ಸೆರಗನ್ನು ಕಚ್ಚಿಕೊಂಡಿದ್ದಳು. ಬಜ್ಜಿ ಮಾರುವ ಹೆಂಗಸು ನಮ್ಮ ಟೌನ್‌ಶಿಪ್ಪಿನ ಪರಿಚಯದವಳು. ಅವಳು ದೂರದಿಂದಲೇ, ಏನಮ್ಮಾ ಇವತ್ತು ಮದುವೆ ಹೆಣ್ಣಿನ ಹಾಗಿದ್ದೀಯ ಎಂದು ಕೂಗಿದಾಗ ನಾವಿಬ್ಬರೂ ಕೇಳಿಸದವರ ಹಾಗೆ ಸಮುದ್ರದ ಕಡೆ ತಿರುಗಿ ನಿಂತೆವು.

ಆದರೆ ಬರೀ ತುಟಿ ಆಡಿಸಲು ಅವಳಿಂದ ಆಗಲಿಲ್ಲ. ಟೇಪು ಶುರುವಾದರೆ ಅವಳೂ ಶುರು. ಅಲೆಯ ಸದ್ದಿನ ಮೇಲೆ ಗಂಟಲು ಬಿಟ್ಟು ಹಾಡುತ್ತಿದ್ದಳು. ಏರುವ ಜಾಗದಲ್ಲಿ ಕಣ್ಣು ಮುಚ್ಚುತ್ತಿತ್ತು, ಕತ್ತಿನ ಎರಡು ನರ ಉಬ್ಬುತ್ತಿದ್ದವು, ಬಾಯಿ ಒಂದು ಕಡೆಗೆ ಎಳೆಯುತ್ತಿತ್ತು. ಕ್ಯಾಮೆರಾದವನು ಮತ್ತೆ ಮತ್ತೆ ನಿಲ್ಲಿಸಿದ. ನಾನು ಅವಳನ್ನು ಪಕ್ಕಕ್ಕೆ ಕರೆದು, ಸುಮ್ಮನೆ ಬಾಯಿ ಆಡಿಸೆ ಎಂದೆ.

"ಸುಳ್ಳೇ ಹಾಡಂಗಿದ್ರೆ ನಾನ್ಯಾಕ ಬೇಕಣ್ಣ?" ಎಂದಳು.

ನಾನು ಅವಳಿಗೆ ಮಾತು ಕೊಟ್ಟಿದ್ದೆ. ಯಾರೂ ಕೇಳದಿದ್ದರೂ ಆ ದಿನ ಅಲ್ಲಿ, ಒದ್ದೆ ಮರಳಿನ ಮೇಲೆ ನಿಂತು, ನಿನ್ನ ಮುಖ ಬಂದೇ ಬರುತ್ತದೆ, ಕತ್ತರಿ ನನ್ನ ಕೈಲಿದೆ ಎಂದಿದ್ದೆ. ಅವಳು ಅಮ್ಮನಿಗೆ ಹೇಳಿದಳು, ಅಮ್ಮ ಇಡೀ ಬ್ಲಾಕಿಗೆ ಹೇಳಿದಳು.

ಒಂದು ಹಾಡಿನಲ್ಲಿ ಎರಡು ಸಾಲು ಮತ್ತೆ ಹಾಡಬೇಕಾಗಿ ಬಂದು ಅವಳು ಇನ್ನೊಮ್ಮೆ ವಿಜಯವಾಡಕ್ಕೆ ಬಂದಳು. ಸ್ಟುಡಿಯೋ ಕೆಲಸ ಬೇಗ ಮುಗಿಯಿತು. ರೈಲಿಗೆ ಇನ್ನೂ ಹೊತ್ತಿತ್ತು. ನನ್ನ ಕೋಣೆಗೆ ಬಂದು ತನ್ನನ್ನು ತಾನು ನೋಡಬೇಕೆಂದಳು. ಸ್ಟೂಲು ಹಾಕಿ ಕೂರಿಸಿ ಕ್ಯಾಸೆಟ್ಟು ಹಚ್ಚಿದೆ. ಮಾನಿಟರಿನಲ್ಲಿ ಸಮುದ್ರ, ಹಸಿರು ಸೀರೆ, ಆಮೇಲೆ ಹತ್ತಿರದಿಂದ ಅವಳ ಮುಖ. ಅವಳು ಮುಂದಕ್ಕೆ ಬಾಗಿ, ಅಂಗೈ ಎರಡೂ ಮೊಣಕಾಲಿನ ಮೇಲಿಟ್ಟು ನೋಡುತ್ತಿದ್ದಳು. ಉಸಿರು ಹಿಡಿದಿದ್ದಳು.

ಆಗ ಯಜಮಾನರು ಮೆಟ್ಟಿಲು ಹತ್ತಿ ಬಂದರು. ಅವಳನ್ನು ನೋಡಿ ಕೈಮುಗಿದರು, ಊಟ ಆಯಿತಾ ಎಂದು ಸನ್ನೆಯಲ್ಲೇ ಕೇಳಿದರು. ಅವಳು ತಲೆಯಾಡಿಸಿದಳು. ನಮ್ಮ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತೆಲುಗಿನಲ್ಲಿ, ಮುಖದ ನಗು ಹಾಗೇ ಇಟ್ಟುಕೊಂಡು, ಅವಳು ನೋಡಿದರೆ ಹೊಗಳುತ್ತಿದ್ದಾರೆ ಅಂದುಕೊಳ್ಳಬೇಕು, ಹಾಗೆ ಹೇಳಿದರು. ಗಂಟಲೇನೋ ಬಂಗಾರ, ಆದರೆ ಮುಖ ನೋಡು, ಹಲ್ಲು ಕೀಳಿಸಿಕೊಳ್ಳುವವಳ ಹಾಗಿದೆ. ಬಣ್ಣವೂ ಎದ್ದು ಕಾಣುವುದಿಲ್ಲ. ಅಮ್ಮನವರ ಫೋಟೋ ಪಕ್ಕ ಈ ಮುಖ ಯಾರು ನೋಡುತ್ತಾರೆ? ಇವಳನ್ನು ತೆಗೆದುಬಿಡು, ಡ್ಯಾನ್ಸ್ ಸ್ಕೂಲಿನ ಯಾವಳಾದರೂ ಒಳ್ಳೆ ಹುಡುಗಿಯನ್ನು ಹಾಕು. ಸಿನಿಮಾದವರು ಇಷ್ಟು ವರ್ಷದಿಂದ ಮಾಡುತ್ತಿರುವುದು ಅದೇ ತಾನೆ?

ಪಾಪ ಕದಲಲಿಲ್ಲ. ಮಾನಿಟರನ್ನೇ ನೋಡುತ್ತಿದ್ದಳು. ಅವಳ ಅಂಗೈ ಮೊಣಕಾಲಿನ ಮೇಲೆ ಮುಚ್ಚಿಕೊಂಡದ್ದು ನನಗೆ ಕಂಡಿತು.

ಯಜಮಾನರು ನನ್ನ ಬೆನ್ನು ತಟ್ಟಿ ತಮಾಷೆಯಾಗಿ ಕೇಳಿದರು, ಏನಯ್ಯಾ, ಅವರ ಕಡೆ ಹಾಡುವವರೆಲ್ಲ ಹೀಗೇ ಮುಖ ಮಾಡುತ್ತಾರಾ?

"ವಾಳ್ಳ ವೈಪು ಅಂದರೂ ಅಂತೇನಂಡಿ" ಎಂದೆ. ಅವರ ಕಡೆಯವರೆಲ್ಲ ಹಾಗೇ ಸ್ವಾಮಿ. ಹೇಳಿ ನಕ್ಕೆ.

ಇದೇ ಆ ಮಾತು. ಅವರ ಕಡೆಯವರು ಅಂದರೆ ನನ್ನ ಅಮ್ಮ, ಅಪ್ಪ, ಪಕ್ಕದಲ್ಲಿ ಕೂತಿದ್ದವಳು. ಅವಳಿಗೆ ತೆಲುಗು ಅರ್ಥವಾಗುತ್ತದೆ ಎಂಬುದನ್ನು ನಾನು ಮರೆತಿದ್ದೆನಾ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ಒಂದು ಸುಳ್ಳನ್ನು ಅಷ್ಟು ದಿನ ಆಡಿದ್ದೆವು, ಆಡುತ್ತ ಆಡುತ್ತ ಅದು ನನಗೆ ಅನುಕೂಲವಾಗಿತ್ತು, ಅಷ್ಟೇ.

ಯಜಮಾನರು ಅವಳ ಕಡೆ ನೋಡಿ, ಹುಡುಗಿಗೆ ಬೇಜಾರಾಗಬಾರದು, ತುಂಬಾ ಚೆನ್ನಾಗಿ ಬಂದಿದೆ ಅಂತ ಕನ್ನಡದಲ್ಲಿ ಹೇಳು ಎಂದರು. ನಾನು ಹೇಳಿದೆ. ಅದನ್ನೂ ಹೇಳಿದೆ.

"ತುಂಬಾ ಚೆನ್ನಾಗಿ ಬಂದಿದೆ ಅಂತಿದ್ದಾರೆ."

ಅವಳು ಎದ್ದು ನಿಂತು ಯಜಮಾನರಿಗೆ ಕೈಮುಗಿದಳು. "ಸಂತೋಷ ಆಯ್ತು ಅಂತ ಹೇಳಣ್ಣ" ಎಂದಳು. ನನಗೆ ಅವಳು ಆಡಿದ ಕೊನೆಯ ಕನ್ನಡದ ಮಾತು ಅದು.

ಸ್ಟೇಷನ್ನಿಗೆ ಹೋಗುವಾಗ ಆಟೋದಲ್ಲಿ ನಾನು ಏನೇನೋ ಮಾತಾಡಿದೆ. ಯಜಮಾನರ ಮನಸ್ಸು ಬದಲಾಗುತ್ತದೆ, ನಾನು ಹೇಳಿ ನೋಡುತ್ತೇನೆ, ಕ್ಯಾಮೆರಾದವನು ಬೆಳಕು ಸರಿ ಇಟ್ಟಿರಲಿಲ್ಲ. ಅವಳು ಹೊರಗೆ ನೋಡುತ್ತಿದ್ದಳು. ಪ್ಲಾಟ್‌ಫಾರ್ಮಿನಲ್ಲಿ ಬ್ಯಾಗು ನನ್ನ ಕೈಯಿಂದ ತೆಗೆದುಕೊಂಡು, "ಮೀರು ವೆಳ್ಳಂಡಿ. ನೇನು ಎಕ್ಕೇಸ್ತಾನು" ಎಂದಳು. ನೀವು ಹೊರಡಿ, ನಾನು ಹತ್ತಿಕೊಳ್ಳುತ್ತೇನೆ. ತೆಲುಗಿನಲ್ಲಿ, ಬಹುವಚನದಲ್ಲಿ, ಹೊರಗಿನವರಿಗೆ ಹೇಳುವ ಹಾಗೆ. ಅಂದಿನಿಂದ ಹಾಗೇ. ಅಮ್ಮನ ಜೊತೆ ಕನ್ನಡ, ಅಪ್ಪನ ಜೊತೆ ಕನ್ನಡ, ನಾನು ಬಂದರೆ ತೆಲುಗು. ಅವಳ ಕನ್ನಡದ ಮೂರು ಜನರಲ್ಲಿ ನಾನು ಇಲ್ಲವಾದೆ. ಅಮ್ಮ ಅದನ್ನು ಗಮನಿಸಿದಳೋ ಇಲ್ಲವೋ, ಕೇಳಲಿಲ್ಲ.

ಬೇರೆ ಹುಡುಗಿಯನ್ನು ತಂದರು. ನೋಡಲು ಚೆಂದ, ಕನ್ನಡ ಬಾರದು. ಪಾಪನ ಧ್ವನಿಗೆ ಅವಳ ತುಟಿ ಕೂಡಿಸುವುದು ನನ್ನ ಕೆಲಸ. ಒಂದೊಂದು ಸಾಲನ್ನೂ ನಾನೇ ಅವಳಿಗೆ ಬಾಯಿಪಾಠ ಮಾಡಿಸಿದೆ. ತುಟಿ ತಪ್ಪಿದ ಕಡೆ ಒಂದು ದೀಪ, ಒಂದು ಹೂವು, ಒಂದು ಗೋಪುರ ತುರುಕಿದೆ. ಜೀವನದಲ್ಲಿ ಅಷ್ಟು ಒಳ್ಳೆಯ ಕೆಲಸ ನಾನು ಮಾಡಿದ್ದಿಲ್ಲ. ಎಲ್ಲಿಯೂ ಬೆಸುಗೆ ಕಾಣುತ್ತಿರಲಿಲ್ಲ. ಪಾಪನದು ಅಂತ ಉಳಿಸಿದ್ದು ಒಂದೇ: ಶುರುವಿನಲ್ಲಿ ಅಲೆಯೊಳಗೆ ನಡೆಯುವ ಎರಡು ಪಾದ. ಯಜಮಾನರು ಅದು ಚೆನ್ನಾಗಿದೆ, ಇರಲಿ ಎಂದರು. ಅದನ್ನು ಉಳಿಸಿ ಏನೋ ದೊಡ್ಡದು ಮಾಡಿದೆ ಎಂದುಕೊಂಡೆ. ಈಗ ನೆನೆದರೆ ಅದಕ್ಕೇ ಹೆಚ್ಚು ನಾಚಿಕೆ.

ದಸರೆಗೆ ಕ್ಯಾಸೆಟ್ಟು ಹಿಡಿದುಕೊಂಡು ಮನೆಗೆ ಹೋದೆ. ಅಮ್ಮನಿಗೆ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಅವಳು ಬ್ಲಾಕಿನ ಹೆಂಗಸರನ್ನೆಲ್ಲ ಕರೆದು ಚಾಪೆ ಹಾಸಿದ್ದಳು, ಎಲ್ಲರಿಗೂ ಉಸಳಿ ಮಾಡಿದ್ದಳು. ಹಾಡು ಶುರುವಾಯಿತು. ನನಗೆ ಕೂರಲಾಗಲಿಲ್ಲ. ಚಿತ್ರ ಸರಿಯಾಗೇ ಬರುತ್ತಿದ್ದರೂ ವಿಸಿಆರಿನ ಟ್ರ್ಯಾಕಿಂಗ್ ಗುಂಡಿ ತಿರುಗಿಸುತ್ತ ಎಲ್ಲರಿಗೂ ಬೆನ್ನು ಮಾಡಿ ನಿಂತಿದ್ದೆ. ಎರಡು ಹಾಡು ಮುಗಿದ ಮೇಲೆ ಪಕ್ಕದ ಮನೆಯಾಕೆ ಕೇಳಿದರು, ನಮ್ಮ ಹುಡುಗಿ ಯಾವಾಗ ಬರುತ್ತಾಳೆ?

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಪಾಪ ಹೇಳಿದಳು, ನಾನೇ ಬೇಡ ಅಂದೆ ಆಂಟಿ, ಕ್ಯಾಮೆರಾ ನೋಡಿದರೆ ನಾಚಿಕೆ ಆಯಿತು, ಬೇರೆಯವರನ್ನು ಹಾಕಿ ಅಂದೆ. ಹೆಂಗಸರು ನಕ್ಕರು, ಅಯ್ಯೋ ಪೆದ್ದಿ ಎಂದರು. ಅಮ್ಮ ನಗಲಿಲ್ಲ. ಕ್ಯಾಸೆಟ್ಟು ಮೊದಲಿಗೆ ತಿರುಗಿಸು ಎಂದಳು. ತಿರುಗಿಸಿದೆ.

"ಆ ಕಾಲು ನಿಂದಲ್ಲೇನೆ?"

"ಹೂಂನಮ್ಮ, ನಂದೇ."

"ನನಗ ಗೊತ್ತಾಯ್ತು" ಎಂದು ಅಮ್ಮ ಉಸಳಿ ಹಂಚಲು ಎದ್ದಳು.

ಪಾಪ ನನ್ನನ್ನು ಎರಡನೇ ಸಲ ಕಾಪಾಡಿದ್ದಳು. ಮೊದಲನೆಯದು ಆ ಕೋಣೆಯಲ್ಲಿ. ಒಂದೇ ಒಂದು ತೆಲುಗು ಮಾತು ಆಡಿದ್ದರೆ ನನ್ನ ಸುಳ್ಳೆಲ್ಲ ಅಲ್ಲೇ ಬಯಲಾಗುತ್ತಿತ್ತು, ಕೆಲಸವೂ ಹೋಗುತ್ತಿತ್ತೇನೋ. ಅವಳು ಆಡಲಿಲ್ಲ.

ಆಮೇಲೆ ಅವಳ ಮದುವೆಯಾಯಿತು, ವಿಶಾಖಪಟ್ಟಣದಲ್ಲೇ. ಹಾಡುವುದನ್ನು ಬಿಟ್ಟಳು ಎಂದರೆ ಸುಳ್ಳಾಗುತ್ತದೆ. ಮಕ್ಕಳಿಗೆ ಹೇಳಿಕೊಡುತ್ತಿದ್ದಳು. ಮೈಕಿನ ಮುಂದೆ ಮಾತ್ರ ನಿಲ್ಲಲಿಲ್ಲ. ಇತ್ತ ಕ್ಯಾಸೆಟ್ಟು ಹೋಗಿ ಸೀಡಿ ಬಂತು, ನನ್ನ ಡೆಕ್ಕುಗಳನ್ನು ತೆಗೆದು ಕಂಪ್ಯೂಟರು ಇಟ್ಟರು. ಟೀವಿಯಲ್ಲಿ ಹಾಡಿನ ಸ್ಪರ್ಧೆಗಳು ಶುರುವಾದವು. ಊರೂರಿನ ಹುಡುಗಿಯರು ಕತ್ತಿನ ನರ ಉಬ್ಬಿಸಿ, ಕಣ್ಣು ಮುಚ್ಚಿ ಹಾಡುವುದನ್ನು ಹತ್ತಿರದಿಂದ ತೋರಿಸಿದರು. ನಮ್ಮ ಯಜಮಾನರು ಅದನ್ನು ನೋಡಿ ತಲೆದೂಗಿ, ಹಾಡುವ ಮುಖ ಅಂದರೆ ಇದು ಕಣಯ್ಯಾ ಎಂದರು. ನಾನು ಎದ್ದು ಹೊರಗೆ ಹೋದೆ. ಗವರ್ನರ್‌ಪೇಟೆಯಿಂದ ಬೆಂಜ್ ಸರ್ಕಲ್‌ವರೆಗೆ ನಡೆದೆ, ಅಲ್ಲಿಂದ ತಿರುಗಿ ಮತ್ತೆ ನಡೆದೆ. ಪಾಪನಿಗೆ ತಪ್ಪಾಯಿತು ಅನ್ನಬೇಕೆಂದು ಎಷ್ಟು ಸಲ ಹೊರಟಿದ್ದೆ. ಪ್ರತಿ ಸಲ ಅವಳು, ಬಾಗುನ್ನಾರಾ, ಕೂರ್ಚೋಂಡಿ ಎಂದು ಕುರ್ಚಿ ಎಳೆದು ಕೊಡುತ್ತಿದ್ದಳು. ಚೆನ್ನಾಗಿದ್ದೀರಾ, ಕೂತುಕೊಳ್ಳಿ. ಆ ಮರ್ಯಾದೆಯ ಮುಂದೆ ಕೂತು ಕಾಫಿ ಕುಡಿದು ವಾಪಸ್ಸು ಬರುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಬೆಂಜ್ ಸರ್ಕಲ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ ನಾನೇ ಸೇರಿಸಿದ್ದೆ. ನೋಡಿಕೊಳ್ಳಲು ಪಾಪ ಬಂದಿದ್ದಳು. ನಾಲ್ಕನೇ ದಿನ ಮಧ್ಯಾಹ್ನ ಅಮ್ಮ ಎದ್ದು ಕೂತಿದ್ದಳು. ಪಾಪ ಅವಳ ತಲೆ ಬಾಚುತ್ತಿದ್ದಳು. ಇಬ್ಬರೂ ಕನ್ನಡದಲ್ಲಿ ಪಕ್ಕದ ಮಂಚದವರ ಮೇಲೆ ಏನೋ ಹೇಳಿ ನಗುತ್ತಿದ್ದರು. ಪಕ್ಕದ ಮಂಚದಾಕೆ ಆಗಷ್ಟೇ ಪಾಪನ ಹತ್ತಿರ ಬಾಚಣಿಗೆ ಇಸಿದುಕೊಂಡು ಕೊಟ್ಟಿದ್ದಳು. ಬೆಳಗಿನಿಂದ ಆಕೆಯೂ ಪಾಪನೂ ತೆಲುಗಿನಲ್ಲಿ ಹರಟೆ ಹೊಡೆದಿದ್ದರು.

ಯಜಮಾನರು ಸೇಬಿನ ಚೀಲ ಹಿಡಿದು ಒಳಗೆ ಬಂದರು. ಕೆಲಸದವನ ತಾಯಿಯನ್ನು ನೋಡಿಕೊಂಡು ಹೋಗಲು. ಅಮ್ಮನಿಗೆ ಕೈಮುಗಿದು, ತಲೆಯೆತ್ತಿ ಪಾಪನನ್ನು ನೋಡಿ ನಿಂತುಬಿಟ್ಟರು. ಅರೆ, ಇವಳು ಬಳ್ಳಾರಿ ಹುಡುಗಿಯಲ್ಲವಾ ಎಂದರು ನನಗೆ. ಅಷ್ಟು ದೂರದಿಂದ ಬಂದಿದ್ದಾಳಾ? ಆಮೇಲೆ ಅವಳ ಕಡೆ ತಿರುಗಿ, ತೆಲುಗಿನಲ್ಲೇ, ನಿಧಾನವಾಗಿ, ಬಾರದವರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ, ಚೆನ್ನಾಗಿದ್ದೀಯಾ ಅಮ್ಮಾ ಎಂದು ಕೇಳಿದರು.

ಪಾಪನ ಕೈಯ ಬಾಚಣಿಗೆ ನಿಂತಿತು. ಅವಳು ಅವರ ಮುಖ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣು ಅರಳಿಸಿ, ಅರ್ಥವಾಗದವಳ ಹಾಗೆ. ಅದೇ ನೋಟ, ಸ್ಟುಡಿಯೋದಲ್ಲಿ ತಲೆಯ ಮೇಲೆ ಕೈಯಿಟ್ಟು ಹರಸಿದಾಗಿನದು. ಇಷ್ಟು ವರ್ಷ ನನ್ನ ಜೊತೆ ಒಂದು ಕನ್ನಡದ ಮಾತು ಆಡದವಳು, ನನಗಾಗಿ ಮತ್ತೆ ತೆಲುಗು ಬಾರದವಳಾಗಿ ನಿಂತಿದ್ದಳು. ನಾನು ತಿರುಗಿಸಿ ಹೇಳಲಿ ಎಂದು ಕಾಯುತ್ತಿದ್ದಳು. ಪಕ್ಕದ ಮಂಚದಾಕೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

ಹೊರಗೆ ಹೋಗಿಬಿಡಬೇಕು ಅನ್ನಿಸಿತು, ಬಾಗಿಲು ನಾಲ್ಕು ಹೆಜ್ಜೆ. ಹೋಗಲಿಲ್ಲ. ಯಜಮಾನರಿಗೆ ತೆಲುಗಿನಲ್ಲಿ, ವಾರ್ಡಿನವರಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದೆ. ಇವಳಿಗೆ ತೆಲುಗು ಬರುತ್ತದೆ, ನನಗಿಂತ ಚೆನ್ನಾಗಿ ಬರುತ್ತದೆ. ಇವಳು ನನ್ನ ಒಡಹುಟ್ಟಿದ ತಂಗಿ, ಈಕೆ ನಮ್ಮಿಬ್ಬರ ಅಮ್ಮ. ಆ ದಿನ ನಿಮ್ಮ ಮಾತು, ನನ್ನ ಮಾತು, ಎಲ್ಲವೂ ಇವಳಿಗೆ ಅರ್ಥವಾಗಿತ್ತು. ನೀವು ಗೊತ್ತಿಲ್ಲದೆ ಆಡಿದಿರಿ, ನಾನು ಗೊತ್ತಿದ್ದೂ ಆಡಿದೆ.

ಯಜಮಾನರು ಸೇಬಿನ ಚೀಲ ಕೆಳಗಿಡುವುದನ್ನೂ ಮರೆತರು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ನಾನು ಪಾಪನ ಕಡೆ ತಿರುಗಿದೆ. ಇನ್ನು ಉಳಿದದ್ದನ್ನು ಕನ್ನಡದಲ್ಲಿ ಹೇಳಬೇಕಿತ್ತು.

"ಪಾಪ, ಅವತ್ತು ನೀ ನನ್ನ ಪಕ್ಕದಾಗೇ ಕುಂತಿದ್ದಿ. ನಿನ್ನ ನನ್ನ ತಂಗಿ ಅನ್ನಲಿಲ್ಲ. ನಗಬಾರದಿತ್ತು, ನಕ್ಕೆ. ನಿನ್ನ ಮುಖ ನನ್ನ ಕೈಯಾರೆ ತೆಗೆದೆ. ತಪ್ಪು ನಂದೇ, ಬೇರೆ ಯಾರದೂ ಅಲ್ಲ. ನನ್ನ ಕ್ಷಮಿಸವ್ವ."